ರಸ್ತೆ ಬದಿಯ ಮನೆಯಲ್ಲಿ ವಾಹನದ ಹೊಗೆಕಣ ಅಳೆದು ತಗ್ಗಿಸುವ ಬಗೆ: ನನ್ನ ಅನುಭವ

ರಸ್ತೆ ಕಡೆಯ ಕಿಟಕಿ ಸರಳನ್ನು ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬರುವುದು ಮಣ್ಣಿನ ಬಣ್ಣದ ಧೂಳಲ್ಲ, ಜಿಡ್ಡುಜಿಡ್ಡಾದ ಕಪ್ಪು. ಅದರಲ್ಲಿ ಡೀಸೆಲ್ ಮಸಿ ಇದೆ, ಸವೆದ ಟೈರಿನ ರಬ್ಬರ್ ಇದೆ, ಬ್ರೇಕಿನಿಂದ ಉದುರಿದ ಕಬ್ಬಿಣ, ತಾಮ್ರದ ಪುಡಿ ಇದೆ. ಹೀಗೆ ಕಣ್ಣಿಗೆ ಕಾಣುವ ದಪ್ಪ ಕಣಗಳು ಬಹುಪಾಲು ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ. 2.5 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣವು ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯುತ್ತವೆ. 0.1 ಮೈಕ್ರಾನಿಗಿಂತ ಸಣ್ಣವುಗಳಲ್ಲಿ ಒಂದಷ್ಟು ರಕ್ತಕ್ಕೂ ದಾಟುತ್ತವೆ. ಅದಕ್ಕೇ ಈ ಹೊಗೆಯ ಕೆಡುಕು ಕೆಮ್ಮು, ಉಬ್ಬಸಕ್ಕೆ ಮುಗಿಯುವುದಿಲ್ಲ. ಹೃದಯಾಘಾತ, ಪಾರ್ಶ್ವವಾಯುವಿನವರೆಗೂ ಹೋಗುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ.

ಅಳೆಯಲು ನಾನು ಬಳಸುವುದು ಲೇಸರ್ ಬೆಳಕಿನಿಂದ ಕೆಲಸ ಮಾಡುವ ಸಣ್ಣ ಸೆನ್ಸರ್ ಎರಡು. ಮೊದಲು ಎರಡನ್ನೂ ಒಂದೇ ಮೇಜಿನ ಮೇಲೆ 24 ಗಂಟೆ ಅಕ್ಕಪಕ್ಕ ಇಡುತ್ತೇನೆ. ಒಂದು 40 ತೋರಿಸುವಲ್ಲಿ ಇನ್ನೊಂದು 46 ತೋರಿಸಿದರೆ, ಆ ಅನುಪಾತ ಬರೆದಿಟ್ಟುಕೊಂಡು ಮುಂದಿನ ಎಲ್ಲ ಅಂಕಿಗೂ ಅನ್ವಯಿಸಬೇಕು. ಈ ಒಂದು ದಿನ ಉಳಿಸಲು ಹೋದವರ ಲೆಕ್ಕವೆಲ್ಲ ಹಾಳು. ಆಮೇಲೆ ಒಂದನ್ನು ರಸ್ತೆ ಕಡೆಯ ಕಿಟಕಿಯ ಹೊರಗೆ, ಇನ್ನೊಂದನ್ನು ಮಲಗುವ ಕೋಣೆಯಲ್ಲಿ, ಅಡುಗೆಮನೆಯಿಂದ ದೂರ, ಮೂಗಿನ ಎತ್ತರಕ್ಕೆ ಇಡುತ್ತೇನೆ. ಕೋಣೆ ಮಗುವಿನದಾದರೆ ಮಗುವಿನ ಮೂಗಿನ ಎತ್ತರಕ್ಕೆ. 10 ನಿಮಿಷದ ಸರಾಸರಿಯನ್ನು ರಜೆಯ ದಿನವೂ ಸೇರುವಂತೆ ಏಳು ದಿನ ದಾಖಲಿಸಿದರೆ ಆ ಮನೆಯ ಚಿತ್ರ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ, ಹಾಕಿದ ಮಿತಿ ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ, ವರ್ಷದ್ದು 5.

ತೇವಾಂಶ ಶೇಕಡ 80 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಸೆನ್ಸರ್ ಇಲ್ಲದ್ದನ್ನೂ ತೋರಿಸುತ್ತದೆ. ಮಂಜಿನ ಹೊತ್ತಿನ ಅಂಕಿಯನ್ನು ನಾನು ಬಿಟ್ಟುಬಿಡುತ್ತೇನೆ. ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಸುಮಾರು 0.3 ಮೈಕ್ರಾನಿಗಿಂತ ಸಣ್ಣ ಕಣ ಇದಕ್ಕೆ ಕಾಣುವುದೇ ಇಲ್ಲ, ಎಂಜಿನ್ನಿನಿಂದ ಆಗಷ್ಟೇ ಹೊರಬಿದ್ದ ಕಣಗಳಲ್ಲಿ ಎಣಿಕೆಗೆ ಹೆಚ್ಚಿನವು ಅವೇ. ಕಿಟಕಿಯ ಮುಂದೆಯೇ ಲಾರಿ ಹೊಗೆ ಉಗುಳಿ ಹೋದರೂ ಅಂಕಿ ಅಲುಗದೆ ಇರಬಹುದು. ರಸ್ತೆಗೂ ಹಿತ್ತಲಿಗೂ ವ್ಯತ್ಯಾಸವಿಲ್ಲ ಎಂದು ಸೆನ್ಸರ್ ಹೇಳಿದರೆ ದಯವಿಟ್ಟು ನಂಬಬೇಡಿ. ಅತಿಸೂಕ್ಷ್ಮ ಕಣಗಳು ಸುತ್ತಲಿನ ಮಟ್ಟಕ್ಕೆ ಇಳಿಯಲು ಹೆದ್ದಾರಿಯಿಂದ ಸುಮಾರು 300 ಮೀಟರ್ ಬೇಕು ಎಂದು ಲಾಸ್ ಏಂಜಲೀಸಿನ ಅಳತೆಗಳು ತೋರಿಸಿವೆ. ಉಬ್ಬಸವಿರುವ 60 ಜನರನ್ನು ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಎರಡು ಗಂಟೆ, ಬೇರೊಂದು ದಿನ ಹೈಡ್ ಪಾರ್ಕಿನಲ್ಲಿ ಎರಡು ಗಂಟೆ ನಡೆಸಿದ ಅಧ್ಯಯನ 2007ರಲ್ಲಿ ಬಂತು. ಡೀಸೆಲ್ ಬಸ್ಸು, ಟ್ಯಾಕ್ಸಿ ಓಡುವ ಬೀದಿಯಲ್ಲಿ ನಡೆದ ದಿನ ಅವರು ಊದುವ ಶಕ್ತಿ ಹೆಚ್ಚು ಕುಗ್ಗಿತ್ತು.

ಹೀಗಾಗಿ ಉಬ್ಬಸದವರು ಇರುವ ಮನೆಯಲ್ಲಿ ಸೆನ್ಸರ್ ಜೊತೆಗೆ, ಎಷ್ಟು ಜೋರಾಗಿ ಊದಬಲ್ಲರು ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಇರಲೇಬೇಕು. ಬೆಳಿಗ್ಗೆ, ಸಂಜೆ, ಔಷಧಿಗೆ ಮುಂಚೆ, ನಿಂತು, ಮೂರು ಸಲ ಊದಿ. ಮೂರರಲ್ಲಿ ಹೆಚ್ಚಿನದನ್ನು ಬರೆಯಿರಿ, ಸರಾಸರಿ ಬೇಡ. ಆರೋಗ್ಯ ಚೆನ್ನಾಗಿರುವಾಗ ಎರಡು ಮೂರು ವಾರ ಬರೆದರೆ ಅವರ ಅತ್ಯುತ್ತಮ ಅಂಕಿ ಗೊತ್ತಾಗುತ್ತದೆ. ಅದರ ಶೇಕಡ 80ಕ್ಕಿಂತ ಕೆಳಗಿಳಿದರೆ ಎಚ್ಚರ, 50ಕ್ಕಿಂತ ಕೆಳಗಾದರೆ ತಡಮಾಡದೆ ಆಸ್ಪತ್ರೆ.

ತಗ್ಗಿಸುವ ಕೆಲಸ ಕಿಟಕಿಯಿಂದ ಶುರು. ರಸ್ತೆ ಕಡೆಯದನ್ನು ವಾಹನ ದಟ್ಟಣೆಯ ಹೊತ್ತು ಮುಚ್ಚಿ, ಹಿಂಬದಿಯದನ್ನು ತೆರೆದಿಡಿ. ಚಳಿಗಾಲದ ಬೆಳಗಿನಲ್ಲಿ ಹೊಗೆ ನೆಲಮಟ್ಟದಲ್ಲೇ ಕೂರುತ್ತದೆ. ಬಿಸಿಲೇರಿದ ಮೇಲೆ ಮೇಲಕ್ಕೆ ಚೆದುರುತ್ತದೆ, ಗಾಳಿಯಾಡಿಸಲು ಆ ಹೊತ್ತು ಒಳ್ಳೆಯದು.

ಏರ್ ಪ್ಯೂರಿಫೈಯರ್ ಕೊಳ್ಳುವಾಗ ಡಬ್ಬದ ಮೇಲಿನ ಚದರಡಿ ನೋಡಬೇಡಿ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದನ್ನು ನೋಡಿ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಗೆ 36 ಘನ ಮೀಟರ್; ಗಂಟೆಗೆ ಐದು ಸಲ ಸೋಸಲು 180 ಬೇಕು. ಡಬ್ಬದ ಮೇಲೆ ಶುದ್ಧ ಗಾಳಿಯ ಅಂಕಿ ಕೊಡುವುದು ಅತಿ ಜೋರಿನ ವೇಗಕ್ಕೆ, ಆ ಸದ್ದಿಗೆ ಯಾರೂ ನಿದ್ದೆ ಮಾಡಲಾರರು. ಆದ್ದರಿಂದ ಬೇಕಾದದ್ದಕ್ಕಿಂತ ದೊಡ್ಡದನ್ನು ತಂದು ಕಡಿಮೆ ವೇಗದಲ್ಲಿ ಓಡಿಸುವುದು ನನ್ನ ರೂಢಿ. ಪ್ಯೂರಿಫೈಯರಿನೊಳಗಿನ ಒತ್ತಾದ ಎಳೆಗಳ ಹೆಪಾ ಫಿಲ್ಟರ್ ಸೆನ್ಸರಿಗೆ ಕಾಣದ ಅತಿಸೂಕ್ಷ್ಮ ಕಣವನ್ನೂ ಹಿಡಿಯುತ್ತದೆ, ಏಕೆಂದರೆ ಅಷ್ಟು ಸಣ್ಣವು ನೇರ ಹೋಗದೆ ಅಡ್ಡಾದಿಡ್ಡಿ ತೇಲಿ ಎಳೆಗಳಿಗೆ ಅಂಟುತ್ತವೆ. ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಮಾತ್ರ ಹೆಪಾಕ್ಕೆ ಸಿಗದು, ಆ ಅನಿಲಕ್ಕೆ ಇದ್ದಿಲಿನ ಪದರ ಬೇಕು. ಶ್ವಾಸಕೋಶಕ್ಕೆ ಕೆಡುಕಾದ ಓಝೋನ್ ಅನಿಲ ಬಿಡುವ ಅಯಾನೈಸರ್ (ಕಣಗಳಿಗೆ ವಿದ್ಯುದಾವೇಶ ಕೊಡುವ ಸಾಧನ) ಬೇಡವೇ ಬೇಡ.

ಕಾರಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಒಳಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿ. ಕಾರಿನ ತುಂಬ ಜನರಿದ್ದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಬೇಗ ಸೇರಿ ಮಂಪರು ಕವಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ, ಮುಂದೆ ದಾರಿ ತೆರವಾಗಿರುವಾಗ, ಹೊರಗಾಳಿ ಬಿಟ್ಟುಕೊಳ್ಳಿ.