ಉದ್ದನೆಯ ಕನ್ನಡ ಬರಹವನ್ನು ಮೈಎಸ್‌ಕ್ಯೂಎಲ್‌ನಲ್ಲಿ ಇಡುವುದು ಹೇಗೆ?

ಹಳೆಯ ಯಕ್ಷಗಾನ ಪ್ರಸಂಗಗಳನ್ನು ಟೈಪ್ ಮಾಡಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ಗೆ ಸೇರಿಸುವುದು ನನ್ನ ಸಂಜೆಯ ಕೆಲಸ. ಇದರಲ್ಲಿ ಮೊದಲು ನೋಡಬೇಕಾದ್ದು ಕಾಲಮ್ಮಿನ ಬಗೆ. ‘ಟೆಕ್ಸ್ಟ್’ ಕಾಲಮ್ಮಿನಲ್ಲಿ 65,535 ಬೈಟ್ ಹಿಡಿಯುತ್ತದೆ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷ’ ಎಂದು ಬರೆದರೆ ಕ, ಹಲಂತ, ಷ ಸೇರಿ 9 ಬೈಟ್ ಹೋಯಿತು. ಹಿಡಿಸದ ಬರಹ ಬಂದರೆ ಎರರ್ ಕೊಟ್ಟು ತಡೆಯುವ ‘ಸ್ಟ್ರಿಕ್ಟ್ ಮೋಡ್’ ಆಫ್ ಇದ್ದರೆ, ಹೆಚ್ಚಾದ ಭಾಗವನ್ನು ಬರೀ ಒಂದು ವಾರ್ನಿಂಗ್ ಕೊಟ್ಟು ಕತ್ತರಿಸಿಬಿಡುತ್ತದೆ. ಪ್ರಸಂಗದ ಕೊನೆಯ ಮಂಗಳ ಪದವೇ ಇರುವುದಿಲ್ಲ! ಅದಕ್ಕೇ ಸ್ಟ್ರಿಕ್ಟ್ ಮೋಡ್ ಆನ್ ಇಡಿ. ‘ಮೀಡಿಯಮ್‌ಟೆಕ್ಸ್ಟ್’ ಆರಿಸಿದರೆ ಸುಮಾರು 16 ಎಂಬಿ ತನಕ ಯೋಚನೆಯಿಲ್ಲ. ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಉಳಿಸುವ ಪದ್ಧತಿ) ಯುಟಿಎಫ್8ಎಂಬಿ4, ಅಂದರೆ ಮೈಎಸ್‌ಕ್ಯೂಎಲ್‌ನ ಪೂರ್ಣ ಯುಟಿಎಫ್-8, ಇರಲಿ. ಪಟ್ಟಿ ತೋರಿಸುವಾಗ ಸುಮ್ನೆ ಎಲ್ಲ ಕಾಲಮ್ ಎಳೆಯಬೇಡಿ. ಪ್ರಸಂಗದ ಹೆಸರು, ಕವಿಯ ಹೆಸರು ಇಷ್ಟನ್ನೇ ಕೇಳಿ. ಪೂರ್ತಿ ಪಠ್ಯವನ್ನು ಓದುಗರು ತೆರೆದಾಗ ತಂದರೆ ಸಾಕು.