ಮೊದಲ ಆಲಿ: ಸ್ಕೇಟ್‌ಬೋರ್ಡ್ ಸಮೇತ ನೆಲ ಬಿಡುವುದು ಹೇಗೆ

ಸ್ಕೇಟ್‌ಬೋರ್ಡ್ ಮೇಲೆ ನಿಂತವರು ಕೈಯಲ್ಲಿ ಹಿಡಿಯದೆ, ಕಾಲಿಗೆ ಕಟ್ಟಿಕೊಳ್ಳದೆ, ಬೋರ್ಡ್ ಸಮೇತ ಮೇಲೆ ನೆಗೆಯುತ್ತಾರಲ್ಲ, ಅದಕ್ಕೆ ಆಲಿ ಅಂತಾರೆ. ಮೊದಲ ಸಲ ನೋಡಿದಾಗ ಶೂಗೆ ಗೋಂದು ಹಚ್ಚಿದ್ದಾರಾ ಅನ್ನಿಸುತ್ತದೆ. ನಾನು ಕಲಿಯೋಕೆ ಶುರು ಮಾಡಿದಾಗ ಕಾಲಿನಿಂದ ಬೋರ್ಡನ್ನು ಹೇಗೋ ಮೇಲಕ್ಕೆ ಎಳೆದುಕೊಳ್ಳಬೇಕು ಅಂದುಕೊಂಡಿದ್ದೆ. ಅದೇ ತಪ್ಪು ಕಲ್ಪನೆಯಲ್ಲಿ ಸುಮಾರು ಮೂರು ತಿಂಗಳು ಹೋಯಿತು. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಚಿನ್ನಿದಾಂಡು ಆಡಿದ್ದೀರಾ? ನೆಲದಲ್ಲಿ ಬಿದ್ದಿರುವ ಚಿನ್ನಿಯ ಚೂಪು ತುದಿಗೆ ದಾಂಡಿನಿಂದ ಟಕ್ ಅಂತ ಕೊಟ್ಟರೆ ಚಿನ್ನಿ ತಾನೇ ಎದ್ದು ನೆಗೆಯುತ್ತದೆ. ಅದನ್ನು ಯಾರೂ ಕೈಹಾಕಿ ಎತ್ತುವುದಿಲ್ಲ. ಹೊಡೆದ ಮೇಲೆ ದಾಂಡನ್ನು ಅಲ್ಲೇ ಒತ್ತಿ ಹಿಡಿದರೆ ಮಾತ್ರ ಚಿನ್ನಿ ಏಳುವುದಿಲ್ಲ, ಅಲ್ವಾ? ಆಲಿಯ ಗುಟ್ಟು ಪೂರ್ತಿ ಇಷ್ಟೇ. ಬೋರ್ಡಿನ ಹಿಂದಿನ ಮೇಲ್ಬಾಗಿದ ತುದಿ, ಅಂದರೆ ಟೇಲ್, ನಿಮ್ಮ ಚಿನ್ನಿಯ ತುದಿ. ಹಿಂಗಾಲು ದಾಂಡು. ಟೇಲನ್ನು ನೆಲಕ್ಕೆ ಬಡಿದು ತಕ್ಷಣ ಹಿಂಗಾಲನ್ನು ಮೇಲೆ ತೆಗೆದುಕೊಂಡರೆ ಬೋರ್ಡ್ ತಾನೇ ಏಳುತ್ತದೆ. ಅದು ಏಳೋಕೆ ಜಾಗ ಬಿಡುವುದು ನಿಮ್ಮ ಕೆಲಸ.

ಈ ನೆಗೆತ ಹುಟ್ಟಿದ್ದು ಅಮೆರಿಕದ ಫ್ಲೋರಿಡಾದಲ್ಲಿ, 1970ರ ದಶಕದ ಕೊನೆಯಲ್ಲಿ. ಅಲನ್ ಗೆಲ್ಫಾಂಡ್ ಅನ್ನೋ ಹುಡುಗ, ಅವನ ಅಡ್ಡಹೆಸರು ಆಲಿ, ಬಾಣಲೆಯಂತೆ ಬಾಗಿದ ಕಾಂಕ್ರೀಟ್ ಗೋಡೆಗಳ ಮೇಲೆ ಬೋರ್ಡಿಗೆ ಕೈ ಹಚ್ಚದೆ ಹಾರುವುದನ್ನು ಕಂಡುಹಿಡಿದ. ಅವನ ಅಡ್ಡಹೆಸರೇ ನೆಗೆತಕ್ಕೂ ನಿಂತಿತು. ಅಲ್ಲಿ ಗೋಡೆಯ ಬಾಗು ಅರ್ಧ ಕೆಲಸ ಮಾಡಿಕೊಡುತ್ತಿತ್ತು. ಸಮತಟ್ಟು ನೆಲದಲ್ಲಿ ಟೇಲ್ ಬಡಿದು ಏಳುವ ಈಗಿನ ರೂಪವನ್ನು 1980ರ ದಶಕದ ಶುರುವಿನಲ್ಲಿ ತಂದವನು ರಾಡ್ನಿ ಮಲ್ಲೆನ್. ಇವತ್ತು ರಸ್ತೆಯಲ್ಲಿ ಕಾಣುವ ಹೆಚ್ಚಿನ ಟ್ರಿಕ್‌ಗಳು ಇದರ ಮೇಲೇ ನಿಂತಿವೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಟ್ರೀಟ್, ಅಂದರೆ ಮೆಟ್ಟಿಲು, ಕಂಬಿಗಳ ಮೇಲೆ ಸ್ಕೇಟ್ ಮಾಡುವ ಸ್ಪರ್ಧೆಯ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ಆ ಸ್ಪರ್ಧೆಯಲ್ಲಿ ಕಂಬಿ ಹತ್ತಬೇಕಾದರೂ ಮೊದಲು ಬೇಕಾದದ್ದು ಇದೇ ನೆಗೆತ.

ಮೊದಲು ಬೋರ್ಡಿನ ಮಾತು. ನಾನು ಮೊದಲು ತಗೊಂಡದ್ದು ಆಟಿಕೆ ಅಂಗಡಿಯ ಬೋರ್ಡ್. ನೋಡೋಕೆ ಬಣ್ಣ ಬಣ್ಣವಾಗಿತ್ತು, ಅಡಿಯಲ್ಲಿ ಪ್ಲಾಸ್ಟಿಕ್ ಟ್ರಕ್, ಅಂದರೆ ಚಕ್ರಗಳನ್ನು ಹಿಡಿದಿಡುವ ಅಚ್ಚು. ಟೇಲ್ ಬಡಿದರೆ ಟಕ್ ಅನ್ನುವ ಬದಲು ಧೊಪ್ ಅನ್ನುತ್ತಿತ್ತು, ಎರಡನೇ ವಾರದಲ್ಲಿ ಬಿರುಕು ಬಿಟ್ಟಿತು. ಅಂಥದ್ದರಲ್ಲಿ ಆಲಿ ಕಲಿಯೋಕೆ ಆಗುವುದಿಲ್ಲ. ಒಳ್ಳೆಯ ಡೆಕ್ (ಕಾಲಿಡುವ ಹಲಗೆ) ಅಂದರೆ ಸಾಮಾನ್ಯವಾಗಿ ಏಳು ಪದರ ಮೇಪಲ್ ಮರವನ್ನು ಅಂಟಿಸಿ ಒತ್ತಿ ಮಾಡಿದ್ದು. ದೊಡ್ಡವರಿಗೆ ಅಗಲ 8 ಇಂಚಿನ ಆಸುಪಾಸು ಇರಲಿ. ಟ್ರಕ್ ಲೋಹದ್ದೇ ಆಗಬೇಕು. ಚಕ್ರ 52ರಿಂದ 54 ಮಿಲಿಮೀಟರ್, ಗಟ್ಟಿಯಾದದ್ದು. ದೊಡ್ಡ ಮೆತ್ತನೆ ಚಕ್ರ ನಮ್ಮ ರಸ್ತೆಗಳಲ್ಲಿ ಓಡಾಡೋಕೆ ಹಿತವಾಗಿರುತ್ತದೆ ನಿಜ, ಆದರೆ ಬೋರ್ಡ್ ಎತ್ತರವೂ ಭಾರವೂ ಆಗಿ ಪಾಪ್ ಕಷ್ಟವಾಗುತ್ತದೆ. ಪಾಪ್ ಅಂದರೆ ಆ ಟಕ್. ಮಳೆಯಲ್ಲಿ ಮಾತ್ರ ಬೋರ್ಡ್ ಹೊರಗೆ ತೆಗೆಯಬೇಡಿ. ನೀರು ಕುಡಿದ ಮರ ಮೆತ್ತಗಾಗಿ ಪಾಪ್ ಸತ್ತುಹೋಗುತ್ತದೆ, ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಪಾರ್ಕಿಂಗ್‌ನಲ್ಲೇ ಕಲಿತೆ.

ಶೂ ಚಪ್ಪಟೆ ಅಡಿಯದ್ದು ಇರಲಿ. ಓಡುವ ಶೂಗಳ ಉಬ್ಬಿದ ಮೆತ್ತನೆ ಅಡಿಯಲ್ಲಿ ಬೋರ್ಡ್ ಎಲ್ಲಿದೆ ಅಂತಲೇ ಕಾಲಿಗೆ ಗೊತ್ತಾಗುವುದಿಲ್ಲ. ಬದಿ ಸ್ವೇಡ್ ಚರ್ಮದ್ದಾದರೆ ಬಾಳಿಕೆ ಜಾಸ್ತಿ. ಹೆಲ್ಮೆಟ್, ಮಂಡಿ ಪ್ಯಾಡ್, ಮಣಿಕಟ್ಟಿನ ಗಾರ್ಡ್ ಮೂರನ್ನೂ ಹಾಕಿಕೊಳ್ಳಿ. ಅದರಲ್ಲೂ ಮಣಿಕಟ್ಟು. ಬೀಳುವಾಗ ಎಲ್ಲರೂ ಕೈ ಚಾಚಿ ನೆಲಕ್ಕೆ ಊರುತ್ತಾರೆ, ಮೈಭಾರವೆಲ್ಲ ಆ ಒಂದು ಕೀಲಿನ ಮೇಲೆ ಬೀಳುತ್ತದೆ. ಬೀಳುವುದು ಖಚಿತ ಅನ್ನಿಸಿದರೆ ಮೊಣಕೈ ಮಡಚಿ, ಭುಜದ ಮೇಲೆ ಉರುಳಿ. ಇದನ್ನು ಮನೆಯಲ್ಲಿ ಹಾಸಿಗೆ ಮೇಲೆ ಹತ್ತು ಸಲ ಉರುಳಿ ಅಭ್ಯಾಸ ಮಾಡಿಕೊಂಡರೆ ಮೈಗೆ ನೆನಪಿರುತ್ತದೆ.

ಇನ್ನೊಂದು ಮಾತು. ಬೋರ್ಡ್ ಮೇಲೆ ನಿಂತು ತಳ್ಳಿಕೊಂಡು ಹೋಗೋಕೆ, ತಿರುಗೋಕೆ, ನಿಲ್ಲಿಸೋಕೆ ಬರುವವರೆಗೆ ಆಲಿಗೆ ಕೈಹಾಕಬೇಡಿ. ಎರಡು ಮೂರು ವಾರ ಸುಮ್ನೆ ಓಡಾಡಿ. ಎಡಗಾಲು ಮುಂದಿಟ್ಟರೆ ರೆಗ್ಯುಲರ್, ಬಲಗಾಲು ಮುಂದಿಟ್ಟರೆ ಗೂಫಿ ಅಂತಾರೆ, ಎರಡೂ ಸರಿ. ಯಾವುದು ನಿಮ್ಮದು ಅಂತ ಗೊತ್ತಿಲ್ಲದಿದ್ದರೆ ನುಣುಪು ನೆಲದಲ್ಲಿ ಕಾಲುಚೀಲ ಹಾಕಿಕೊಂಡು ಓಡಿ ಜಾರಿ. ಯಾವ ಕಾಲು ತಾನಾಗಿ ಮುಂದೆ ಹೋಗುತ್ತದೋ ಬೋರ್ಡ್ ಮೇಲೂ ಹೆಚ್ಚಾಗಿ ಅದೇ ಮುಂದೆ.

ಈಗ ಕಾಲು ಇಡುವ ಜಾಗ. ಬೋರ್ಡಿನ ಮೇಲೆ ಮುಂದೆ ನಾಲ್ಕು, ಹಿಂದೆ ನಾಲ್ಕು ಬೋಲ್ಟ್ ಕಾಣುತ್ತವೆ. ಮುಂಗಾಲು ಮುಂದಿನ ಬೋಲ್ಟ್‌ಗಳ ಸ್ವಲ್ಪ ಹಿಂದೆ, ಎರಡು ಮೂರು ಬೆರಳಗಲ ಬಿಟ್ಟು ಇರಲಿ, ಪಾದ ಪೂರ್ತಿ ಅಡ್ಡಕ್ಕಲ್ಲ, ಮುಂದಕ್ಕೆ ತುಸು ಓರೆಯಾಗಿ. ಹಿಂಗಾಲಿನ ಬೆರಳುಗಳ ಬುಡದ ಉಬ್ಬು ಟೇಲಿನ ನಡುಮಧ್ಯಕ್ಕೆ ಬರಬೇಕು, ಹಿಮ್ಮಡಿ ಗಾಳಿಯಲ್ಲಿದ್ದರೂ ಅಡ್ಡಿಯಿಲ್ಲ. ಭುಜಗಳು ಬೋರ್ಡಿನ ಉದ್ದಕ್ಕೆ ಸಮಾನಾಂತರವಾಗಿರಲಿ. ನೆಗೆಯುವ ಗಡಿಬಿಡಿಯಲ್ಲಿ ಎದೆ ಮುಂದಕ್ಕೆ ತಿರುಗಿದರೆ ಬೋರ್ಡೂ ತಿರುಗುತ್ತದೆ, ಆಮೇಲೆ ಬೋರ್ಡ್ ಯಾಕೆ ಸೊಟ್ಟ ಇಳಿಯುತ್ತಿದೆ ಅಂತ ಕಾಲನ್ನು ಬೈಯುತ್ತಾ ಕೂರಬೇಕಾಗುತ್ತದೆ.

ಮೊದಲ ಅಭ್ಯಾಸ ಬೋರ್ಡ್ ಇಲ್ಲದೆ. ನೆಲದಲ್ಲಿ ಅದೇ ರೀತಿ ಕಾಲಗಲಿಸಿ ನಿಂತು, ಮಂಡಿ ಮಡಚಿ ಕೂತು, ಮೇಲಕ್ಕೆ ಜಿಗಿಯಿರಿ. ಎರಡೂ ಮಂಡಿ ಎದೆಯ ಕಡೆ ಬರಬೇಕು. ಆಲಿಯ ಎತ್ತರ ನಿಮ್ಮ ಜಿಗಿತದ ಎತ್ತರವೇ. ಪಾದ ಎಷ್ಟು ಮೇಲೆ ಹೋಗುತ್ತದೋ ಬೋರ್ಡ್ ಅಷ್ಟೇ ಮೇಲೆ ಬರಬಲ್ಲದು, ಅದಕ್ಕಿಂತ ಒಂದು ಕೂದಲೆಳೆಯೂ ಜಾಸ್ತಿ ಇಲ್ಲ.

ಎರಡನೆಯದು ಬರೀ ಪಾಪ್. ಬೋರ್ಡ್ ಪಕ್ಕದಲ್ಲಿ ನೆಲದ ಮೇಲೆ ಮುಂಗಾಲು ಊರಿ, ಹಿಂಗಾಲನ್ನು ಮಾತ್ರ ಟೇಲ್ ಮೇಲಿಟ್ಟು, ಪಾದದ ಕೀಲಿನಿಂದ ಚಟಕ್ಕನೆ ಕೆಳಗೆ ಬಡಿದು ಕಾಲನ್ನು ಹಿಂದೆ ತೆಗೆಯಿರಿ. ಟಕ್ ಅನ್ನೋ ಸದ್ದು ಒಣಗಿದ ಕಟ್ಟಿಗೆ ಮುರಿದ ಹಾಗೆ ಚಿಕ್ಕದಾಗಿ, ಚೂಪಾಗಿ ಇರಬೇಕು. ಕ್ರ್ಯಾಕ್... ಸ್ಸ್ ಅಂತ ಸದ್ದು ಎಳೆದರೆ ನಿಮ್ಮ ಕಾಲು ಇನ್ನೂ ಟೇಲನ್ನು ನೆಲಕ್ಕೆ ಒತ್ತಿ ಹಿಡಿದಿದೆ ಅಂತ ಅರ್ಥ. ಇದನ್ನು ಕಿವಿಯಿಂದಲೇ ತಿದ್ದಿಕೊಳ್ಳಬಹುದು. ನಾನು ಸಂಜೆ ಪಾರ್ಕಿಂಗ್‌ನಲ್ಲಿ ಹೀಗೆ ನೂರು ಸಲ ಬಡಿಯುತ್ತಿದ್ದೆ, ಸದ್ದು ಸರಿಹೋದ ದಿನವೇ ಬೋರ್ಡ್ ಮೊದಲ ಸಲ ನನ್ನ ಮಂಡಿಯವರೆಗೆ ಚಿಮ್ಮಿತು. ನೆರೆಯವರ ನಿದ್ದೆಯ ಹೊತ್ತು ಮಾತ್ರ ನೋಡಿಕೊಳ್ಳಿ.

ಮೂರನೆಯದು ಮುಂಗಾಲಿನ ಜಾರು, ಜನ ತಲೆಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಟೇಲ್ ಬಡಿದಾಗ ಬೋರ್ಡಿನ ಮೂತಿ, ಅಂದರೆ ಮುಂದಿನ ತುದಿ, ಮೇಲೆದ್ದು ನಿಮ್ಮ ಮುಂಗಾಲಿಗೆ ಬಂದು ತಾಗುತ್ತದೆ. ಆಗ ಪಾದವನ್ನು ಒಳಗೆ ಮಗುಚಿ, ಅಂದರೆ ಅಂಗಾಲು ಹಿಂಗಾಲಿನ ಕಡೆ ನೋಡುವ ಹಾಗೆ ಕೀಲನ್ನು ಸಡಿಲ ಬಿಡಿ. ಈಗ ಬೋರ್ಡಿಗೆ ತಾಗುತ್ತಿರುವುದು ಶೂನ ಹೊರಬದಿ, ಕಿರುಬೆರಳಿನ ಪಕ್ಕದ ಜಾಗ. ಅದು ಡೆಕ್ ಮೇಲೆ ಅಂಟಿಸಿರುವ ಮರಳುಕಾಗದದಂಥ ಗ್ರಿಪ್ ಟೇಪ್ ಮೇಲೆ ಉಜ್ಜುತ್ತಾ ಮೂತಿಯ ಕಡೆಗೆ ಜಾರಬೇಕು. ಆ ಉಜ್ಜುವಿಕೆಯೇ ಬೋರ್ಡನ್ನು ಮೇಲಕ್ಕೆ ಒಯ್ಯುತ್ತದೆ. ಆಮೇಲೆ ಮುಂಗಾಲನ್ನು ಹಾಗೇ ಮುಂದಕ್ಕೆ ದೂಡಿದರೆ ಮೂತಿ ಕೆಳಗಾಗಿ ಟೇಲ್ ಮೇಲೇಳುತ್ತದೆ, ಬೋರ್ಡ್ ಗಾಳಿಯಲ್ಲೇ ಸಮತಟ್ಟಾಗುತ್ತದೆ. ಹಿಂಗಾಲಿಗೆ ಜಾಗ ಬೇಕಾಗುವುದು ಆಗಲೇ. ಅದು ಇನ್ನೂ ಕೆಳಗೇ ಇದ್ದರೆ ಟೇಲ್ ಎಲ್ಲಿಗೆ ಏಳಬೇಕು ಹೇಳಿ?

ಕೂತಲ್ಲೇ ಇದನ್ನು ನೋಡಿಕೊಳ್ಳಬಹುದು. ಕುರ್ಚಿಯಲ್ಲಿ ಕೂತು, ಕಾಲು ಬೋರ್ಡ್ ಮೇಲಿಟ್ಟು, ಕೈಯಿಂದ ಮೂತಿ ಎತ್ತಿ, ಮುಂಗಾಲು ಮಗುಚಿ ಮೇಲಕ್ಕೆ ಉಜ್ಜಿ ನೋಡಿ. ಶೂನ ಯಾವ ಜಾಗ ಬಿಸಿಯಾಗುತ್ತದೋ ಗಮನಿಸಿ. ಕೆಲವು ವಾರದಲ್ಲಿ ಅಲ್ಲೇ ಚರ್ಮ ಸವೆದು ರೂಪಾಯಿ ನಾಣ್ಯದಷ್ಟು ತೂತು ಬೀಳುತ್ತದೆ. ಸ್ಕೇಟ್ ಮಾಡುವವರು ಒಬ್ಬರನ್ನೊಬ್ಬರು ಗುರುತಿಸುವುದೇ ಆ ತೂತಿನಿಂದ. ತೂತು ಹೆಬ್ಬೆರಳಿನ ತುದಿಯಲ್ಲಿ ಬಿದ್ದಿದ್ದರೆ ಪಾದ ಮಗುಚುತ್ತಿಲ್ಲ ಅಂತ ತಿಳಿಯಿರಿ. ಸವೆಯುವ ಮೊದಲೇ ಆ ಜಾಗಕ್ಕೆ ಒಂದು ಹನಿ ಶೂ ಗಮ್ ಸವರಿದರೆ ಇನ್ನಷ್ಟು ದಿನ ಬಾಳುತ್ತದೆ.

ಈಗ ಮೂರನ್ನೂ ಸೇರಿಸಿ. ಬೋರ್ಡನ್ನು ಹುಲ್ಲಿನ ಮೇಲೋ ಹಳೆ ಜಮಖಾನೆ ಮೇಲೋ ಇಡಿ, ಚಕ್ರ ಉರುಳದ ಹಾಗೆ. ಮಂಡಿ ಮಡಚಿ ಕೂರಿ, ಸೊಂಟ ಬಗ್ಗಿಸಿದರೆ ಸಾಲದು. ಮೇಲಕ್ಕೆ ಜಿಗಿಯೋಕೆ ಶುರು ಮಾಡಿ, ಹಿಂಗಾಲು ನೆಲ ಬಿಡುವ ಕೊನೆಯ ಕ್ಷಣಕ್ಕೆ ಟೇಲ್ ಬಡಿಯಿರಿ. ಬಡಿದು ಆಮೇಲೆ ಜಿಗಿಯುವುದಲ್ಲ, ಜಿಗಿತದ ತುದಿಗೇ ಬಡಿತ ಬರಬೇಕು. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಲ್ಲಿ ಹಾರುವಾಗ ಕೊನೆಗೆ ಬೆರಳ ತುದಿ ನೆಲವನ್ನು ಒದೆಯುತ್ತದಲ್ಲ, ಆ ಒದೆತ ಇಲ್ಲಿ ಟೇಲಿಗೆ ಬೀಳಬೇಕು. ಮುಂಗಾಲು ಉಜ್ಜಲಿ, ಮಂಡಿಗಳು ಎದೆಗೆ ಬರಲಿ. ಇಳಿಯುವಾಗ ಎರಡೂ ಪಾದ ಬೋಲ್ಟ್‌ಗಳ ಮೇಲೆ, ಮಂಡಿ ಮಡಚಿಯೇ. ಬೋರ್ಡಿನ ನಡುವೆ ಎರಡೂ ಕಾಲು ಬಿದ್ದರೆ ಡೆಕ್ ಮುರಿದೇ ಹೋಗಬಹುದು.

ಎಡವಟ್ಟು ಎಲ್ಲಿ ಆಗುತ್ತದೆ ಅಂತ ಹೇಳುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಒಂದೇ: ಮುಂಗಾಲು ಬೋರ್ಡ್ ಮೇಲೆ ಇಳಿಯುತ್ತದೆ, ಹಿಂಗಾಲು ಪ್ರತಿ ಸಲವೂ ನೆಲಕ್ಕೆ ಇಳಿಯುತ್ತದೆ. ಇದು ಭಯ. ಬೀಳಬಾರದು ಅಂತ ಮೈಯೇ ಒಂದು ಕಾಲನ್ನು ಜಾಮೀನು ಇಟ್ಟುಕೊಳ್ಳುತ್ತದೆ. ನನಗೆ ಇದು ಆರು ವಾರ ಬಿಡಲಿಲ್ಲ. ಕೊನೆಗೆ ಬಿಟ್ಟದ್ದು ಹೀಗೆ: ಪಾರ್ಕಿಂಗ್‌ನ ಕಬ್ಬಿಣದ ಗೇಟನ್ನು ಎರಡೂ ಕೈಯಲ್ಲಿ ಹಿಡಿದು, ಹುಲ್ಲುಚಾಪೆ ಮೇಲೆ ಬೋರ್ಡಿಟ್ಟು ನೆಗೆದೆ. ಎತ್ತರದ ಚಿಂತೆ ಬಿಟ್ಟು ಎರಡೂ ಕಾಲು ಒಟ್ಟಿಗೆ ಇಳಿಯಲಿ ಅನ್ನೋದಷ್ಟೇ ನೋಡಿದೆ. ಅರ್ಧ ಇಂಚು ಎದ್ದರೂ ಸರಿ. ಅಂಥ ಐವತ್ತು ಇಳಿತ ಆದ ಮೇಲೆ ಕೈ ಬಿಟ್ಟೆ, ಕಾಲು ತಾನಾಗಿ ಬೋರ್ಡಿಗೇ ಬಂತು.

ಮೂತಿ ಆಕಾಶಕ್ಕೆ, ಟೇಲ್ ನೆಲಕ್ಕೇ ಇದ್ದರೆ ಮುಂಗಾಲನ್ನು ಮುಂದಕ್ಕೆ ದೂಡುತ್ತಿಲ್ಲ, ಅಥವಾ ಭಾರವೆಲ್ಲ ಹಿಂದಿದೆ. ಬೋರ್ಡ್ ಮುಂದಕ್ಕೆ ಹಾರಿಹೋಗುತ್ತಿದ್ದರೆ ನೀವು ಹಿಂದಕ್ಕೆ ವಾಲುತ್ತಿದ್ದೀರಿ. ಫೋನನ್ನು ನೆಲದ ಮಟ್ಟದಲ್ಲಿ ಗೋಡೆಗೆ ಒರಗಿಸಿ ನಿಧಾನಗತಿಯಲ್ಲಿ ವಿಡಿಯೋ ಮಾಡಿ ನೋಡಿ. ಇಡೀ ಆಲಿ ಅರ್ಧ ಸೆಕೆಂಡಿನ ಆಟ, ಕಣ್ಣಿಗೆ ಸಿಗುವುದಿಲ್ಲ, ವಿಡಿಯೋದಲ್ಲಿ ಹಿಂಗಾಲು ಎಲ್ಲಿ ಸಿಕ್ಕಿಕೊಂಡಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ.

ಒಬ್ಬರೇ ಕಲಿಯುವುದಕ್ಕಿಂತ ಜೊತೆ ಇದ್ದರೆ ಒಳ್ಳೆಯದು. ಬೆಂಗಳೂರಿನವರಿಗೆ ಈ ಅದೃಷ್ಟ ಇದೆ. ಇಲ್ಲಿನ ಹೋಲಿಸ್ಟೋಕ್ಡ್ ಗುಂಪಿನವರು ತಾವೇ ಕಾಂಕ್ರೀಟ್ ಕಲಸಿ ಸ್ಕೇಟ್ ಪಾರ್ಕ್ ಕಟ್ಟಿದವರು. ಗರ್ಲ್ ಸ್ಕೇಟ್ ಇಂಡಿಯಾ ಶುರು ಮಾಡಿದ ಅತಿತಾ ವರ್ಗೀಸ್ ಕೂಡ ಈ ಊರಿನವರೇ, ಹುಡುಗಿಯರು ಬೋರ್ಡ್ ಹತ್ತಬೇಕು ಅಂತ ಎಷ್ಟೋ ಊರು ಸುತ್ತಿದ್ದಾರೆ. ಪಾರ್ಕಿಗೆ ಹೋದಾಗ ಸಂಕೋಚ ಬೇಡ. ಅಲ್ಲಿ ಯಾರೋ ಮೊದಲ ಆಲಿ ಇಳಿಸಿದರೆ ಗುರುತಿಲ್ಲದವರೂ ಬೋರ್ಡಿನ ಟೇಲನ್ನು ನೆಲಕ್ಕೆ ಕುಟ್ಟಿ ಸದ್ದು ಮಾಡುತ್ತಾರೆ. ಚಪ್ಪಾಳೆ ಬದಲು ಅದು. ನನಗೆ ಆ ಸದ್ದು ಸಿಕ್ಕ ದಿನ ಮನೆಗೆ ಬಂದು ಊಟ ಸೇರಲಿಲ್ಲ, ಅಷ್ಟು ಖುಷಿ. ಬೇರೆ ಊರಿನವರು ಶಾಲೆ ಅಂಗಳ, ಕಲ್ಯಾಣ ಮಂಟಪದ ಸಿಮೆಂಟ್ ನೆಲ ಹೀಗೆ ಗಾಡಿ ಓಡಾಡದ ಜಾಗ ಹುಡುಕಿ, ಮೊದಲು ಕೇಳಿ ಅನುಮತಿ ಪಡೆಯಿರಿ. ಸಣ್ಣ ಜಲ್ಲಿ ಕಲ್ಲುಗಳನ್ನು ಪೊರಕೆಯಿಂದ ಗುಡಿಸಿಬಿಡಿ. ಒಂದು ಕಡಲೆಯಷ್ಟು ಕಲ್ಲು ಚಕ್ರಕ್ಕೆ ಸಿಕ್ಕರೂ ಬೋರ್ಡ್ ಅಲ್ಲೇ ನಿಲ್ಲುತ್ತದೆ, ನೀವು ಮಾತ್ರ ಮುಂದೆ ಹೋಗುತ್ತೀರಿ.

ದಿನಕ್ಕೆ ಅರ್ಧ ಗಂಟೆ ಸಾಕು. ಮೀನಖಂಡ ದಣಿದ ಮೇಲೆ ಜಿಗಿತ ಕುಗ್ಗುತ್ತದೆ, ಗಾಯಗಳು ಆಗುವುದು ಆಗಲೇ. ಕೆಲವರಿಗೆ ಎರಡು ವಾರ, ಕೆಲವರಿಗೆ ನಾಲ್ಕು ತಿಂಗಳು, ವಯಸ್ಸಿಗೂ ಇದಕ್ಕೂ ಅಂಥ ಸಂಬಂಧ ನಾನು ಕಂಡಿಲ್ಲ.

ನಿಂತಲ್ಲಿ ಹತ್ತಕ್ಕೆ ಐದು ಬರೋಕೆ ಶುರುವಾದ ಕೂಡಲೇ ಉರುಳುತ್ತಾ ಮಾಡಿ, ತಡ ಮಾಡಬೇಡಿ. ನಿಂತೇ ಆರು ತಿಂಗಳು ಮಾಡಿದವರಿಗೆ ಉರುಳುವಾಗ ಮತ್ತೆ ಮೊದಲಿನಿಂದ ಕಲಿತ ಹಾಗಾಗುತ್ತದೆ. ನಡಿಗೆಯ ವೇಗ ಸಾಕು. ನಿಜ ಹೇಳಬೇಕೆಂದರೆ ಉರುಳುವಾಗ ಬೋರ್ಡ್ ಇನ್ನೂ ಸ್ಥಿರವಾಗಿರುತ್ತದೆ, ಸೈಕಲ್ ಥರ. ಮೊದಲು ಸಿಮೆಂಟ್ ನೆಲದ ಎರಡು ಚಪ್ಪಡಿ ಕೂಡುವ ಗೆರೆಯನ್ನು ಗುರಿ ಇಟ್ಟುಕೊಂಡು ಅದರ ಮೇಲೆ ಹಾರಿ. ಆಮೇಲೆ ಅಲ್ಲಿ ಒಂದು ಹಗ್ಗ ಹಾಸಿ. ಹಗ್ಗವನ್ನು ಚಕ್ರ ಮುಟ್ಟದೆ ಐದು ಸಲ ದಾಟಿದರೆ ಹಗ್ಗ ತೆಗೆದು ತೆಂಗಿನಕಡ್ಡಿ ಪೊರಕೆ ಮಲಗಿಸಿ. ತಾಗಿದರೂ ಅದು ಬಾಗುತ್ತದೆ, ನಿಮ್ಮನ್ನು ಬೀಳಿಸುವುದಿಲ್ಲ. ಪೊರಕೆ ದಾಟಿದ ಮೇಲೆ ಇಟ್ಟಿಗೆ, ಅಗಲ ಮಗ್ಗುಲು ಕೆಳಗೆ ಮಾಡಿ.