ಕೋವಿ, ಚೈನ್‌ಸಾ, ಡಿಜೆ: ಕಿವಿಯ ಗುಂಯ್ ಸದ್ದು ಜಾಸ್ತಿಯಾದಾಗ ಏನು ಮಾಡಬೇಕು

ಕಿವಿಯಲ್ಲಿ ಮೊದಲೇ ಗುಂಯ್ ಅನ್ನುವವರಿಗೆ ಕೊಡಗಿನಲ್ಲಿ ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಸ್ವಲ್ಪ ಕಷ್ಟವೇ. ಸೆಪ್ಟೆಂಬರ್‌ನಲ್ಲಿ ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಆಮೇಲೆ ಮಡಿಕೇರಿ ದಸರಾ, ದಶಮಂಟಪದ ಸ್ಪೀಕರ್ ಎದುರು ನಿಂತರೆ ಎದೆಯೇ ನಡುಗುತ್ತದೆ. ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯುವಾಗ ಮತ್ತೆ ಕೋವಿ, ಪಟಾಕಿ. ಇದರ ಜೊತೆಗೆ ತೋಟದಲ್ಲಿ ಕಳೆ ಹೊಡೆಯುವ ಮೆಷಿನ್, ಚೈನ್‌ಸಾ, ಆನೆ ಓಡಿಸುವ ಪಟಾಕಿ. ಇಂಥ ದಿನದ ಮಾರನೇ ಬೆಳಿಗ್ಗೆ ಸದ್ದು ದುಪ್ಪಟ್ಟಾಗಿದೆ ಅನ್ನಿಸಿದರೆ ಗಾಬರಿಯಾಗುವುದು ಸಹಜ.

ಮೊದಲು ಸದ್ದನ್ನು ಬಿಡಿ, ಕಿವಿ ಸರಿಯಾಗಿ ಕೇಳುತ್ತಿದೆಯಾ ನೋಡಿ. ಫೋನನ್ನು ಒಂದೊಂದೇ ಕಿವಿಗೆ ಹಿಡಿದು ಮನೆಯವರ ಜೊತೆ ಮಾತಾಡಿ. ಒಂದು ಕಡೆ ಮಂದವಾಗಿದ್ದರೆ, ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ತಲೆ ಗಿರ್ರನೆ ಸುತ್ತಿದರೆ, ಅವತ್ತೇ ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಹೋಗಿ. ದಿಢೀರ್ ಅಂತ ಕೇಳಿಸುವುದು ಕಡಿಮೆಯಾದರೆ ಸ್ಟಿರಾಯ್ಡ್ ಕೊಡುವುದುಂಟು, ಆದರೆ ಮೊದಲ ಕೆಲವು ದಿನಗಳಲ್ಲೇ ಶುರು ಮಾಡಿದರೆ ಅದರ ಪ್ರಯೋಜನ ಜಾಸ್ತಿ, ವಾರಗಟ್ಟಲೆ ಕಾದರೆ ಅವಕಾಶ ಕೈತಪ್ಪುತ್ತದೆ. ನಮ್ಮಲ್ಲಿ ಎಲ್ಲದಕ್ಕೂ "ಚಳಿಗೆ ಶೀತ ಆಗಿರಬೇಕು" ಅನ್ನುವ ಅಭ್ಯಾಸ ಇದೆ ಅಲ್ವಾ, ಅದು ಇಲ್ಲಿ ಬೇಡ. ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಂಡು ಎಂಜಲು ನುಂಗಿದರೆ ಬಿಟ್ಟುಕೊಳ್ಳುತ್ತದಲ್ಲ, ಇದು ಅದಲ್ಲ. ಒಂದೇ ಕಿವಿಯಲ್ಲಿ ಸದ್ದು ಬಿಡದೆ ಉಳಿದುಬಿಟ್ಟಿದ್ದರೆ, ಅಥವಾ ನಾಡಿ ಬಡಿದ ಹಾಗೆ ಡಬ್ ಡಬ್ ಅನ್ನುತ್ತಿದ್ದರೆ, ಅದನ್ನೂ ತೋರಿಸಲೇಬೇಕು.

ಅಂಥದ್ದೇನೂ ಇಲ್ಲವಾದರೆ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳಿವೆ. ಜೋರು ಸದ್ದಿಗೆ ಅವು ದಣಿಯುತ್ತವೆ, ಕೆಲವು ಸತ್ತೇ ಹೋಗುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾಯಿತು ಅಂತ ಮೆದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ನಮಗೆ ಕೇಳುವ ಕುಯ್ ಸದ್ದು ಬಹುಪಾಲು ಅದೇ. ದಣಿದ ಕೋಶಗಳು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳಬಹುದು. ಏರಿದ ವಾಲ್ಯೂಮ್ ಇಳಿಯೋಕೆ ಮಾತ್ರ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಇಲ್ಲೇ ತುಂಬಾ ಜನ ಎಡವುವುದು. ಜೋರು ಸದ್ದಿನಿಂದ ಕೆಟ್ಟಿತು ತಾನೇ, ಹಾಗಾದರೆ ಸದ್ದೇ ಬೇಡ ಅಂತ ಮನೆಯೊಳಗೂ ಇಯರ್‌ಪ್ಲಗ್ ಹಾಕಿಕೊಂಡು, ಬಾಗಿಲು ಮುಚ್ಚಿ ಕೂರುತ್ತಾರೆ. ಮೌನದಲ್ಲಿ ಮೆದುಳು ಇನ್ನಷ್ಟು ಕಿವಿಗೊಟ್ಟು ಹುಡುಕುತ್ತದೆ, ಹಾಗೇ ಮುಂದುವರಿದರೆ ಕೊನೆಗೆ ಪಾತ್ರೆ ಸದ್ದೂ ಚುಚ್ಚೋಕೆ ಶುರುವಾಗುತ್ತದೆ. ಮೊದಲ ಒಂದೆರಡು ವಾರ ಮೆಷಿನ್, ಡಿಜೆ, ಕೋವಿ ಎಲ್ಲದರಿಂದ ದೂರ ಇರಿ, ಸರಿ. ಆದರೆ ಮನೆಯ ಮಾತುಕತೆ, ರೇಡಿಯೋ, ಹಕ್ಕಿ, ಅಂಗಳದ ನಾಯಿ, ಇವೆಲ್ಲ ಕೇಳಲಿ.

ರಾತ್ರಿಯದ್ದೇ ದೊಡ್ಡ ತಲೆನೋವು. ಬೇರೆ ಊರಿನವರಿಗೆ ಫ್ಯಾನಿನ ಸದ್ದಾದರೂ ಇರುತ್ತದೆ, ನಮ್ಮ ಎಷ್ಟೋ ಮನೆಗಳಲ್ಲಿ ಫ್ಯಾನೇ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಮೇಲೆ ಬೀಳುವ ಮಳೆ ನಿಮ್ಮ ಕೆಲಸ ಮಾಡಿಕೊಡುತ್ತದೆ. ಡಿಸೆಂಬರ್‌ನ ತೋಟದ ಮೌನದಲ್ಲಿ ಮಾತ್ರ ಸದ್ದನ್ನು ನಾವೇ ತಂದುಕೊಳ್ಳಬೇಕು. ಮಳೆ ಅಥವಾ ಹೊಳೆ ಸದ್ದನ್ನು ಫೋನಿಗೆ ಮೊದಲೇ ಇಳಿಸಿಟ್ಟುಕೊಳ್ಳಿ, ನೆಟ್‌ವರ್ಕ್ ನಂಬಿ ಕೂರಬೇಡಿ. ಕರೆಂಟ್ ಹೋದರೂ ನಡೆಯುವ ಸಣ್ಣ ಬ್ಯಾಟರಿ ಸ್ಪೀಕರ್ ಸಾಕು. ಅದನ್ನು ತಲೆದಿಂಬಿನ ಹತ್ತಿರ ಬೇಡ, ಮಂಚದ ಕಾಲ ಕಡೆಗೆ ಇಡಿ. ವಾಲ್ಯೂಮನ್ನು ಪೂರ್ತಿ ಇಳಿಸಿ, ನಿಧಾನವಾಗಿ ಏರಿಸುತ್ತಾ ಬನ್ನಿ. ಮಳೆಯೂ ಕೇಳುತ್ತದೆ, ಕುಯ್ ಕೂಡ ಅದರ ಹಿಂದೆ ಸಣ್ಣಗೆ ಕೇಳುತ್ತದೆ ಅನ್ನುವ ಜಾಗದಲ್ಲಿ ನಿಲ್ಲಿಸಿ. ಪೂರ್ತಿ ಮುಚ್ಚಿಹಾಕಬೇಡಿ, ಅದು ಕೇಳುತ್ತಿದ್ದರೂ ಗಮನ ಕೊಡದಿರುವುದನ್ನು ಮೆದುಳು ಕಲಿಯಬೇಕು. ಇಯರ್‌ಫೋನ್ ಬೇಡವೇ ಬೇಡ.

ಇನ್ನೊಂದು ಚಟ ಇದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಕಿವಿ ಮುಚ್ಚಿ, ಇವತ್ತು ಎಷ್ಟಿದೆ ಅಂತ ನೋಡುವುದು. ಸುಮ್ನೆ ಬಿಟ್ಟುಬಿಡಿ. ನೋಡಿದಷ್ಟೂ ಅದು ಮುಖ್ಯ ಅಂತ ಮೆದುಳಿಗೆ ನೀವೇ ಹೇಳಿಕೊಟ್ಟ ಹಾಗೆ.

ಕಾಫಿ ಬಿಡಿ ಅನ್ನುವವರು ಸಿಗುತ್ತಾರೆ. ಕೊಡಗಿನಲ್ಲಿ! ಕಾಫಿ ಬಿಟ್ಟರೆ ಸದ್ದು ಇಳಿಯುತ್ತದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ, ದಿಢೀರನೆ ಬಿಟ್ಟರೆ ತಲೆನೋವು ಗ್ಯಾರಂಟಿ. ನಿದ್ದೆ ಕೆಡುವಷ್ಟು ಸಂಜೆ ಕುಡಿಯದಿದ್ದರೆ ಸಾಕು. ನಿದ್ದೆ ಬರಲಿ ಅಂತ ಎರಡು ಪೆಗ್ ಹಾಕುವುದು ಇನ್ನೂ ದಂಡ, ನಡುರಾತ್ರಿ ಎಚ್ಚರವಾಗುತ್ತದೆ, ಎದುರಿಗೆ ಅದೇ ಕುಯ್. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕಿವಿಗೆ ಬಿಡಬೇಡಿ, ಕಿವಿಯೊಳಗಿನ ತಮಟೆ ತೂತಾಗಿದ್ದರೆ ಇನ್ನೂ ಕೆಡುತ್ತದೆ. ನೋವಿನ ಮಾತ್ರೆಗಳನ್ನು ಜಾಸ್ತಿ ನುಂಗಿದರೂ ಸದ್ದು ಏರಬಹುದು. ಹೃದಯಕ್ಕೆ ಅಂತ ಕೊಟ್ಟ ಸಣ್ಣ ಡೋಸ್ ಆಸ್ಪಿರಿನ್ ಇದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಟಿನ್ನಿಟಸ್ ಅನ್ನೇ, ಅಂದರೆ ಕಿವಿಯ ಈ ಗುಂಯ್ ಸದ್ದನ್ನೇ, ವಾಸಿ ಮಾಡುವ ಮಾತ್ರೆ ಇನ್ನೂ ಬಂದಿಲ್ಲ, ದುಬಾರಿ ಡಬ್ಬಿ ಮಾರುವವರನ್ನು ನಂಬಬೇಡಿ.

ಮತ್ತೆ ಸದ್ದಿನ ಜಾಗಕ್ಕೆ ಹೋಗುವಾಗ ಹತ್ತಿ ತುರುಕಿಕೊಳ್ಳುವುದರಿಂದ ಏನೂ ಪ್ರಯೋಜನ ಇಲ್ಲ. ದಿನಕ್ಕೆ 8 ಗಂಟೆ ತಡೆಯಬಹುದಾದ ಮಿತಿ 85 ಡೆಸಿಬೆಲ್, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. ಸುಮಾರು 110 ಇರುವ ಚೈನ್‌ಸಾಗೆ ಲೆಕ್ಕ ಹಾಕಿದರೆ 2 ನಿಮಿಷವೂ ಸಿಗಲ್ಲ. ಕೋವಿ 140 ದಾಟುತ್ತದೆ, ಅಲ್ಲಿ ಒಂದೇ ಗುಂಡು ಸಾಕು. ಬಲ ಹೆಗಲಿಗೆ ಇಟ್ಟು ಹೊಡೆಯುವವರಿಗೆ ಎಡಗಿವಿಯೇ ಕೋವಿ ಬಾಯಿಯ ಕಡೆಗಿರುತ್ತದೆ, ಹಾಗಾಗಿ ಅದೇ ಮೊದಲು ಕೆಡುತ್ತದೆ. ಫೋಮ್ ಪ್ಲಗ್ ಹಾಕಿ, ಅದರ ಮೇಲೆ ಇಡೀ ಕಿವಿ ಮುಚ್ಚುವ ಇಯರ್‌ಮಫ್ ಹಾಕಿ, ಎರಡೂ. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ, ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತಳ್ಳಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸಾವಿನ ಮನೆಯಲ್ಲಿ ಗುಂಡು ಹಾರಿಸುವಾಗ ಮಫ್ ಹಾಕಿ ನಿಲ್ಲೋಕೆ ಆಗುವುದಿಲ್ಲ, ಅಲ್ಲಿ ದೂರ ನಿಂತು, ಕಿವಿ ತೂತಿನ ಮುಂದಿರುವ ಸಣ್ಣ ಮೃದು ಭಾಗವನ್ನು ಬೆರಳಿಂದ ಒಳಕ್ಕೆ ಒತ್ತಿಕೊಳ್ಳಿ. ಹಾಗೇ, ತೋಟದಲ್ಲಿ ಕಳೆ ಮೆಷಿನ್ ಹಿಡಿಯುವ ಆಳಿಗೂ ಮಫ್ ಕೊಡಿಸಿ. ಅಷ್ಟು ದುಡ್ಡು ಕೊಟ್ಟು ಮೆಷಿನ್ ತರುವವರಿಗೆ ಇದೇನು ದೊಡ್ಡ ಖರ್ಚಲ್ಲ.

ತಿಂಗಳುಗಳಾದರೂ ಇಳಿಯದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ಕಿವಿ ಎಷ್ಟು ಕೇಳುತ್ತದೆ ಅಂತ ಗೆರೆ ಎಳೆದು ತೋರಿಸುವ ಆಡಿಯೋಗ್ರಾಮ್ ಮಾಡಿಸಿ. ಸದ್ದಿನಿಂದ ಕೆಟ್ಟ ಕಿವಿಯಲ್ಲಿ ಸಾಮಾನ್ಯವಾಗಿ 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸದ್ದಿನ ಜಾಗದಲ್ಲಿ, ಆ ಗೆರೆ ಕುಸಿದಿರುತ್ತದೆ. ಕೇಳಿಸುವುದು ಕಡಿಮೆಯಾಗಿದ್ದವರಿಗೆ ಹಿಯರಿಂಗ್ ಏಡ್ ಹಾಕಿದ ಮೇಲೆ ಕುಯ್ ಕೂಡ ಹಿಂದೆ ಸರಿಯುವುದುಂಟು. ಸದ್ದಿನ ಕಾಟಕ್ಕೆ ಹೆಚ್ಚು ಆಧಾರ ಇರುವುದು ಯೋಚನೆ, ಅಭ್ಯಾಸ ಬದಲಿಸೋಕೆ ಕಲಿಸುವ ಮಾತಿನ ಚಿಕಿತ್ಸೆಯಾದ ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ, ಅದನ್ನೂ ಕೇಳಿ ನೋಡಿ. ಸದ್ದು ಯಾವ ಕಿವಿಯಲ್ಲಿ, ಯಾವತ್ತಿನಿಂದ, ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬದುಕೇ ಬೇಡ ಅನ್ನುವಷ್ಟು ಮನಸ್ಸು ಕುಗ್ಗಿದ್ದರೆ ಅಲ್ಲಿಯವರೆಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.